ಪಿಟಿ ಸ್ಲ್ಯಾಬ್‌ಗೆ ಎರಡು ತೂತು

ಡೆಂಟಲ್ ಚೇರ್ ಅಂದರೆ ಬರೀ ಕುರ್ಚಿ ಅಲ್ಲ. ಅದರ ಬುಡಕ್ಕೆ ನೀರಿನ ಪೈಪ್ ಬರಬೇಕು, ಕಂಪ್ರೆಸರ್ ಗಾಳಿ ಬರಬೇಕು, ಕರೆಂಟ್ ಬರಬೇಕು. ಪೇಷೆಂಟ್ ಬಾಯಿ ಮುಕ್ಕಳಿಸಿ ಉಗಿದ ನೀರು ಹೊರಗೆ ಹೋಗಬೇಕು. ಸಕ್ಷನ್ ಪೈಪ್ ಬೇರೆ. ಇಷ್ಟೂ ನೆಲದಿಂದಲೇ ಎದ್ದು ಚೇರಿನ ಅಡಿಯ ಡಬ್ಬಿಗೆ ಸೇರುತ್ತವೆ. ಗ್ರೌಂಡ್ ಫ್ಲೋರ್ ಆದರೆ ನೆಲ ಅಗೆದು ಪೈಪ್ ಹೂತು ಮೇಲೆ ಟೈಲ್ಸ್ ಹಾಕಿದರೆ ಮುಗಿಯಿತು. ಆದರೆ ಬೆಂಗಳೂರಿನ ವಿಜಯನಗರದಲ್ಲಿ ಕ್ಲಿನಿಕ್‌ಗೆ ಅಂತ ನಾನು ಬಾಡಿಗೆಗೆ ಹಿಡಿದ ಜಾಗ ಮೊದಲನೇ ಮಹಡಿ. ಕೆಳಗೆ ಫರ್ನಿಚರ್ ಅಂಗಡಿ.

ಇಂಥ ಕಡೆ ಎರಡೇ ದಾರಿ. ಚೇರ್ ಇಡುವ ಜಾಗವನ್ನು ಅರ್ಧ ಅಡಿ ಎತ್ತರಿಸಿ ಪೈಪ್‌ಗಳನ್ನು ಅದರೊಳಗೆ ಓಡಿಸುವುದು ಒಂದು. ಸ್ಲ್ಯಾಬ್‌ಗೆ ತೂತು ಕೊರೆದು, ಪೈಪ್‌ಗಳನ್ನು ಕೆಳಗಿನ ಅಂಗಡಿಯ ಫಾಲ್ಸ್ ಸೀಲಿಂಗ್ ಮೇಲೆ ಹಾಯಿಸಿ, ಪೈಪುಗಳು ಮೇಲಿಂದ ಕೆಳಗೆ ಇಳಿಯಲು ಬಿಟ್ಟ ಶಾಫ್ಟ್‌ಗೆ ಮುಟ್ಟಿಸುವುದು ಇನ್ನೊಂದು. ನನ್ನ ಹತ್ತಿರ ಬರುವವರಲ್ಲಿ ವಯಸ್ಸಾದವರು ಜಾಸ್ತಿ. ಮಂಡಿ ನೋವಿನವರು, ಕೋಲು ಹಿಡಿದು ಬರುವವರು. ಲಿಫ್ಟ್‌ನಲ್ಲಿ ಮೇಲೆ ಬಂದವರನ್ನು ಮತ್ತೆ ಮೆಟ್ಟಿಲು ಹತ್ತಿ ಅನ್ನುವುದು ನನಗೆ ಇಷ್ಟವಿರಲಿಲ್ಲ. ಹಾಗಾಗಿ ತೂತು. ಎರಡು ಚೇರ್, ಎರಡು ತೂತು, ಒಂದೊಂದೂ ಮೂರು ಇಂಚು.

ಪ್ಲಂಬರ್ ಜಾಗ ನೋಡಿ, "ಕೋರ್ ಹೊಡೆಸೋಣ ಮೇಡಂ, ಅರ್ಧ ಗಂಟೆ ಕೆಲಸ" ಅಂದರು. ಕೋರ್ ಅಂದರೆ ಕೊಳವೆಯಂಥ ಬಿಟ್ ಹಾಕಿದ ಮಿಷಿನ್ನಿನಿಂದ ದುಂಡಗೆ ಕೊರೆಯುವುದು. ಮಿಷಿನ್‌ನವರಿಗೆ ಹೇಳಿಯೂ ಬಿಟ್ಟಿದ್ದರು. ಓನರ್ ಕಿವಿಗೂ ಹಾಕೋಣ ಅಂತ ಫೋನ್ ಮಾಡಿದೆ. ಎಪ್ಪತ್ತು ದಾಟಿದ ಹಿರಿಯರು, ಮಾತು ಬಲು ನಿಧಾನ. ಅವತ್ತು ಮಾತ್ರ ನಾನು ಹೇಳಿ ಮುಗಿಸುವ ಮೊದಲೇ, "ತಡಿಯಮ್ಮ, ಅದು ಪಿಟಿ ಸ್ಲ್ಯಾಬು. ನಮ್ಮ ಇಂಜಿನಿಯರ್ ಬಂದು ನೋಡೋವರೆಗೂ ನೆಲಕ್ಕೆ ಒಂದು ಮೊಳೆನೂ ಹೊಡಿಸಬೇಡ" ಅಂದರು.

ಪಿಟಿ ಅಂದರೆ ಪೋಸ್ಟ್ ಟೆನ್ಷನಿಂಗ್, ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಳಗಿನ ಉಕ್ಕನ್ನು ಎಳೆದು ಕಟ್ಟುವ ಪದ್ಧತಿ. ಮಧ್ಯೆ ಪಿಲ್ಲರ್ ಇಲ್ಲದ ದೊಡ್ಡ ಹಾಲ್ ಬೇಕು, ಬೇಸ್‌ಮೆಂಟಿನಲ್ಲಿ ಕಾರು ತಿರುಗಲು ಜಾಗ ಬೇಕು ಅಂದಾಗ ಈಗ ಬೆಂಗಳೂರಿನ ಕಮರ್ಷಿಯಲ್ ಕಟ್ಟಡಗಳಲ್ಲಿ ಇದು ಮಾಮೂಲು. ಇಂಜಿನಿಯರ್ ಬಂದವರೇ ಬ್ಯಾಗಿನಿಂದ ಒಂದು ಗೇಣುದ್ದದ ಉಕ್ಕಿನ ತುಂಡು ತೆಗೆದು ನನ್ನ ಕೈಗಿತ್ತರು. ನಡುವೆ ಒಂದು ತಂತಿ, ಸುತ್ತ ಆರು ತಂತಿ ಹೊಸೆದದ್ದು. ದಪ್ಪ 12.7 ಮಿಲಿಮೀಟರ್. ಕೈಗೆ ತಣ್ಣಗೆ, ಸ್ವಲ್ಪವೂ ಬಗ್ಗದು. "ಇದಕ್ಕೆ ಸ್ಟ್ರ್ಯಾಂಡ್ ಅಂತಾರೆ. ಕಿತ್ತು ಹೋಗೋಕೆ ಸುಮಾರು 18.7 ಟನ್ ಎಳೆತ ಬೇಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಜಾಕ್ ಹಾಕಿ ಅದರ ಮುಕ್ಕಾಲು ಭಾಗದಷ್ಟು ಎಳೆದು ಬೀಗ ಹಾಕಿರ್ತಾರೆ. ಅಂದ್ರೆ ಒಂದರಲ್ಲೇ ಹತ್ತಿರ ಹತ್ತಿರ 14 ಟನ್. ನಿಮ್ಮ ನೆಲದಲ್ಲಿ ಒಂದೊಂದು ತಗಡಿನ ಡಕ್ಟ್ ಒಳಗೆ ಇಂಥವು ನಾಲ್ಕು ಇವೆ." ಡಕ್ಟ್ ಮತ್ತು ಅದರೊಳಗಿನ ಸ್ಟ್ರ್ಯಾಂಡ್ ಸೇರಿ ಟೆಂಡನ್.

ಮಾಮೂಲಿ ಸ್ಲ್ಯಾಬ್‌ನಲ್ಲಿ ಒಂದು ಕಂಬಿ ಕತ್ತರಿಸಿದರೆ ಅಕ್ಕಪಕ್ಕದ ಕಂಬಿಗಳು ಹೇಗೋ ಹೊರೆ ಹಂಚಿಕೊಳ್ಳುತ್ತವೆ. ಇಲ್ಲಿ ಹಾಗಲ್ಲ. ಎಳೆದು ಕಟ್ಟಿದ ಉಕ್ಕೇ ಇಡೀ ಸ್ಲ್ಯಾಬನ್ನು ಒತ್ತಿ ಹಿಡಿದಿರುತ್ತದೆ. ಅದನ್ನು ಕೋರ್ ಬಿಟ್ ಕಚ್ಚಿದರೆ ಸ್ಲ್ಯಾಬಿನ ಬಲವೇ ಅಲ್ಲಿ ಕಳೆದುಹೋಗುತ್ತದೆ. ಡಕ್ಟ್ ಒಳಗೆ ಸಿಮೆಂಟ್ ಗ್ರೌಟ್ ತುಂಬಿದ್ದರೆ ತುಂಡಾದ ಸ್ಟ್ರ್ಯಾಂಡ್ ಸ್ವಲ್ಪ ದೂರದಾಚೆಗೆ ಮತ್ತೆ ಹಿಡಿತ ಸಿಕ್ಕಿ ನಿಲ್ಲುತ್ತದೆ. ಗ್ರೌಟ್ ಇಲ್ಲದ ಪದ್ಧತಿಯಾದರೆ ಈ ತುದಿಯಿಂದ ಆ ತುದಿಯವರೆಗೂ ಸಡಿಲ. ತುದಿಯಲ್ಲಿ ಅದನ್ನು ಹಿಡಿದಿಡುವ ಆಂಕರ್ ಕಿತ್ತುಕೊಂಡು ಹೊರಗೆ ಚಿಮ್ಮುವುದೂ ಉಂಟಂತೆ. "ನಿಮ್ಮ ಬಿಲ್ಡಿಂಗಲ್ಲಿ ಗ್ರೌಟ್ ಹಾಕಿದ್ದಾರೆ ಅಂತ ಡ್ರಾಯಿಂಗ್ ಹೇಳುತ್ತೆ. ಪೂರ್ತಿ ತುಂಬಿದೆಯಾ ಅಂತ ನಾನು ಹೇಗೆ ಹೇಳಲಿ ಮೇಡಂ?" ಅಂದರು. ಪ್ಲಂಬರ್ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಾತಾಡದೆ ಮಿಷಿನ್‌ನವರಿಗೆ ಫೋನ್ ಹಚ್ಚಿ ಬರಬೇಡಿ ಅಂದರು.

ಓನರ್ ಮನೆಯ ಬೀರುವಿನ ಮೇಲೆ ಸುರುಳಿ ಸುತ್ತಿಟ್ಟಿದ್ದ ಡ್ರಾಯಿಂಗ್‌ಗಳು ಸಿಕ್ಕಿದ್ದು ನಮ್ಮ ಪುಣ್ಯ. ಅದರಲ್ಲಿ ಟೆಂಡನ್‌ಗಳು ಉದ್ದಕ್ಕೂ ಅಡ್ಡಕ್ಕೂ ಗೆರೆಗಳಾಗಿ ಕಾಣುತ್ತಿದ್ದವು. ಪ್ರತಿ ಗೆರೆಯ ಮೇಲೆ ಸಣ್ಣ ಸಣ್ಣ ಅಂಕಿ. ಅವು ಏನು ಅಂತ ಕೇಳಿದೆ. ಟೆಂಡನ್ ನೇರವಾಗಿ ಮಲಗಿರುವುದಿಲ್ಲವಂತೆ. ಪಿಲ್ಲರ್ ಹತ್ತಿರ ಸ್ಲ್ಯಾಬಿನ ಮೇಲ್ಮುಖಕ್ಕೆ ಏರುತ್ತದೆ, ಎರಡು ಪಿಲ್ಲರ್‌ಗಳ ನಡುಮಧ್ಯದಲ್ಲಿ ತಳಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ನಮ್ಮದು 200 ಮಿಲಿಮೀಟರ್ ದಪ್ಪದ ಸ್ಲ್ಯಾಬ್. ಪಿಲ್ಲರ್ ಬಳಿ 160 ಅಂತ ಬರೆದಿತ್ತು, ಮಧ್ಯದಲ್ಲಿ 40. ತಳದಿಂದ ಟೆಂಡನ್ ಎಷ್ಟು ಎತ್ತರದಲ್ಲಿದೆ ಅನ್ನುವ ಲೆಕ್ಕ ಅದು.

ಡ್ರಾಯಿಂಗ್ ಸಿಕ್ಕಿತಲ್ಲ, ಅಳೆದು ಗೆರೆ ಇಲ್ಲದ ಕಡೆ ಕೊರೆದರಾಯಿತು ಅಲ್ವಾ ಅಂತ ಪ್ಲಂಬರ್ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ, ನೆಲದೊಳಗೆ ಏನಿದೆ ಅಂತ ಯಂತ್ರದಿಂದ ನೋಡಿಸಿದ ಸ್ಕ್ಯಾನ್ ದಿನ ಸಿಕ್ಕಿತು.

ಸ್ಕ್ಯಾನ್ ಮಾಡುವವರಿಗೆ ಫೋನ್ ಮಾಡಿದಾಗ ದರಕ್ಕಿಂತ ಮೊದಲು ಅವರು ಕೇಳಿದ್ದು ಪ್ರಶ್ನೆಗಳನ್ನು. ಟೈಲ್ಸ್ ಹಾಕಿದ್ದೀರಾ? ಕಟ್ಟಡ ಎಷ್ಟು ಹಳೆಯದು? ನೆಲ ಒಣಗಿದೆಯಾ? ಕೆಳಗಿನಿಂದ ಸ್ಲ್ಯಾಬ್ ನೋಡಲು ಬಿಡುತ್ತಾರಾ? ಸ್ಲ್ಯಾಬಿನ ಅಂಚು ಎಲ್ಲಾದರೂ ಬಯಲಾಗಿ ಕಾಣುತ್ತದಾ? ಹೀಗೆ ಕೇಳದೆ "ಬರ್ತೀವಿ, ಇಷ್ಟಾಗುತ್ತೆ" ಅನ್ನುವವರೂ ಸಿಕ್ಕಿದ್ದರು. ಪ್ರಶ್ನೆ ಕೇಳಿದವರನ್ನೇ ನಾನು ಕರೆದೆ. ನಮ್ಮ ಜಾಗಕ್ಕೆ ಇನ್ನೂ ಟೈಲ್ಸ್ ಹಾಕಿರಲಿಲ್ಲ, ಬೋಳು ಕಾಂಕ್ರೀಟ್. ಅದರಿಂದ ಅನುಕೂಲವೇ ಆಯಿತು. ಟೈಲ್ಸ್ ಮೇಲಿಂದಲೂ ಸ್ಕ್ಯಾನ್ ಆಗುತ್ತದೆ, ಆದರೆ ಅಡಿಯ ಗಾರೆ ಸೇರಿ ಇನ್ನೂ ಐದಾರು ಸೆಂಟಿಮೀಟರ್ ಹೆಚ್ಚು ಆಳಕ್ಕೆ ನೋಡಬೇಕು, ಟೈಲ್ಸ್ ಕೆಳಗೆ ಪೊಳ್ಳು ಇದ್ದರೆ ಅದೇ ದೊಡ್ಡದಾಗಿ ಕಾಣುತ್ತದೆ.

ಮೊದಲ ಸಲ ಬಂದವರು ಕೆಲಸ ಮಾಡದೆ ವಾಪಸ್ ಹೋದರು. ಮೇಸ್ತ್ರಿ ಹೊಸ ಗೋಡೆಗಳಿಗೆ ಕ್ಯೂರಿಂಗ್ ಅಂತ ಬೆಳಿಗ್ಗೆ ಧಾರಾಳವಾಗಿ ನೀರು ಹೊಡೆದಿದ್ದ. ನೆಲವೆಲ್ಲ ಒದ್ದೆ. ಬಂದ ಹುಡುಗ ದಾವಣಗೆರೆ ಕಡೆಯವನು, ನೆಲ ಮುಟ್ಟಿ ನೋಡಿ, "ಇವತ್ತು ಮಾಡಿದ್ರೆ ನಿಮ್ಗೆ ಸುಮ್ನೆ ಒಂದು ರಿಪೋರ್ಟ್ ಸಿಗುತ್ತೆ ಮೇಡಂ, ಉಪಯೋಗ ಇಲ್ಲ" ಅಂದ. ಯಾಕೆ ಅಂತ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಯಂತ್ರದ ಹೆಸರು ಜಿಪಿಆರ್, ನೆಲದೊಳಗೆ ನೋಡುವ ರೇಡಾರ್. ಅದು ರೇಡಿಯೋ ಅಲೆಯ ಚಿಕ್ಕ ಚಿಕ್ಕ ಮಿಡಿತಗಳನ್ನು ಕೆಳಗೆ ಕಳಿಸುತ್ತದೆ. ಬೇರೆ ವಸ್ತು ಸಿಕ್ಕಾಗ ಅಲೆ ತಿರುಗಿ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದರ ಮೇಲೆ ಆಳ ಲೆಕ್ಕ ಹಾಕುತ್ತದೆ. ಗಾಳಿಯಲ್ಲಿ ಆ ಅಲೆ ಒಂದು ನ್ಯಾನೋ ಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ಕಾಂಕ್ರೀಟ್‌ನಲ್ಲಿ ಸುಮಾರು 10. ಕಾಂಕ್ರೀಟ್ ಒದ್ದೆಯಿದ್ದರೆ ಇನ್ನೂ ನಿಧಾನ. ಯಂತ್ರಕ್ಕೆ ಒಣ ಕಾಂಕ್ರೀಟಿನ ವೇಗ ಕೊಟ್ಟು ಒದ್ದೆ ನೆಲದ ಮೇಲೆ ಓಡಿಸಿದರೆ, ಎಲ್ಲ ವಸ್ತುವೂ ನಿಜಕ್ಕಿಂತ ಆಳದಲ್ಲಿದೆ ಅಂತ ತೋರಿಸುತ್ತದೆ. ಕೊರೆಯುವವನಿಗೆ ಇದಕ್ಕಿಂತ ಅಪಾಯದ ತಪ್ಪು ಇಲ್ಲ. ಅದೂ ಅಲ್ಲದೆ ನೀರು ಅಲೆಯ ಶಕ್ತಿಯನ್ನೇ ಹೀರಿಬಿಡುತ್ತದೆ, ಆಳದ್ದು ಮಸುಕಾಗುತ್ತದೆ.

ಎಕ್ಸ್‌-ರೇ ತೆಗೆಯಬಹುದಲ್ಲ ಅಂತ ನಾನು ಕೇಳದೆ ಇರಲಿಲ್ಲ. ದಿನವೂ ಅದೇ ಕೆಲಸ ತಾನೇ. ಕಾಂಕ್ರೀಟಿಗೂ ಎಕ್ಸ್‌-ರೇ ಥರದ್ದು ಇದೆ, ಸಾಮಾನ್ಯವಾಗಿ ಇರಿಡಿಯಂ-192 ಅನ್ನುವ ವಿಕಿರಣ ಮೂಲ ಬಳಸುತ್ತಾರೆ. ಸ್ಲ್ಯಾಬಿನ ಈ ಕಡೆ ಮೂಲ, ಆ ಕಡೆ ಫಿಲ್ಮ್. ಮೇಲೂ ಕೆಳಗೂ ಜನರನ್ನೆಲ್ಲ ಖಾಲಿ ಮಾಡಿಸಬೇಕು. ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರೇ ಮಾಡಬೇಕು. ನನ್ನ ಪುಟ್ಟ ಡೆಂಟಲ್ ಎಕ್ಸ್‌-ರೇ ಮಿಷಿನ್‌ಗೇ ಆ ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಂಡ ನನಗೆ ಅದರ ಕಷ್ಟ ಗೊತ್ತಿತ್ತು. ಎರಡು ತೂತಿಗಾಗಿ ಒಂದು ಫರ್ನಿಚರ್ ಅಂಗಡಿ ಮುಚ್ಚಿಸುವುದು ಆಗದ ಮಾತು.

ನೆಲ ಒಣಗಿದ ಮೇಲೆ ಮತ್ತೆ ಬಂದರು. ಆ ಹುಡುಗ ಮತ್ತು ಅವನಿಗಿಂತ ಚಿಕ್ಕ ಇನ್ನೊಬ್ಬ. ಯಂತ್ರ ನೋಡಿ ನನಗೆ ನಿರಾಸೆಯೇ ಆಯಿತು. ನಾಲ್ಕು ಚಕ್ರದ ಒಂದು ಡಬ್ಬಿ, ಜೊತೆಗೆ ಒಂದು ಟ್ಯಾಬ್. ಅಷ್ಟೇ. ಆದರೆ ಅದನ್ನು ಕೂಡಲೇ ನೆಲಕ್ಕಿಡಲಿಲ್ಲ. ಮೊದಲು ಶಾಫ್ಟ್ ಹತ್ತಿರ ಸ್ಲ್ಯಾಬಿನ ಅಂಚು ಕಾಣುವಲ್ಲಿ ಟೇಪ್ ಹಿಡಿದು ದಪ್ಪ ಅಳೆದರು. ಆಮೇಲೆ ಅದರ ಪಕ್ಕದಲ್ಲೇ ಡಬ್ಬಿ ಓಡಿಸಿ, ಸ್ಲ್ಯಾಬಿನ ತಳದಿಂದ ಬಂದ ಪ್ರತಿಫಲನ ಟ್ಯಾಬ್‌ನಲ್ಲಿ ಎಷ್ಟು ಆಳಕ್ಕೆ ಕಾಣುತ್ತದೆ ಅಂತ ನೋಡಿ, ಅದು ಅಳತೆಗೆ ಹೊಂದುವವರೆಗೂ ವೇಗದ ಅಂಕಿಯನ್ನು ತಿದ್ದಿದರು. ಈ ಕೆಲಸ ಮಾಡದೆ ಸೀದಾ ಸ್ಕ್ಯಾನ್ ಶುರು ಮಾಡುವವರನ್ನು ನಾನಾದರೆ ಅಲ್ಲೇ ನಿಲ್ಲಿಸುತ್ತೇನೆ.

ಚೇರ್ ಬರುವ ಎರಡೂ ಕಡೆ ದಾರ ಹಿಡಿದು ಹತ್ತತ್ತು ಸೆಂಟಿಮೀಟರಿಗೆ ಗೆರೆ ಹೊಡೆದರು, ಉದ್ದಕ್ಕೂ ಅಡ್ಡಕ್ಕೂ. ಪ್ರತಿ ಗೆರೆಯ ಮೇಲೂ ಡಬ್ಬಿಯನ್ನು ನಿಧಾನಕ್ಕೆ ಎಳೆಯುತ್ತ ಹೋದರು. ಟ್ಯಾಬ್‌ನಲ್ಲಿ ಬೂದು ಬಣ್ಣದ ಪಟ್ಟೆಗಳು ಹರಿಯತೊಡಗಿದವು. ಅದರ ನಡುವೆ ಸಾಲು ಸಾಲು ಕಮಾನುಗಳು.

ಒಂದು ದುಂಡು ಕಂಬಿ ಕಮಾನಾಗಿ ಯಾಕೆ ಕಾಣಬೇಕು? ಡಬ್ಬಿ ಕಂಬಿಯ ನೆತ್ತಿಗೆ ಬರುವ ಮೊದಲೇ ಅದನ್ನು ಓರೆಯಾಗಿ ನೋಡುತ್ತಿರುತ್ತದೆ. ದೂರ ಜಾಸ್ತಿ, ಆದ್ದರಿಂದ ಆಳದಲ್ಲಿದ್ದಂತೆ ದಾಖಲಾಗುತ್ತದೆ. ಹತ್ತಿರ ಬಂದಂತೆ ದೂರ ಕಡಿಮೆ, ದಾಟಿ ಮುಂದೆ ಹೋದಂತೆ ಮತ್ತೆ ಜಾಸ್ತಿ. ಆ ಬಿಂದುಗಳೆಲ್ಲ ಸೇರಿ ಕಮಾನು. ಕಂಬಿ ನಿಜವಾಗಿ ಇರುವುದು ಕಮಾನಿನ ನೆತ್ತಿಯಲ್ಲಿ ಮಾತ್ರ. ಎರಡೂ ಕಡೆಯ ಇಳಿಜಾರು ಬರೀ ಭ್ರಮೆ. ಇದನ್ನು ಕೇಳಿ ನನಗೆ ಖುಷಿಯಾಯಿತು. ಕೆಳದವಡೆಗೆ ಇಂಪ್ಲಾಂಟ್ ಹಾಕುವಾಗ ನಾವೂ ಇದನ್ನೇ ಮಾಡುತ್ತೇವೆ. ಮೂಳೆಯೊಳಗೆ ತುಟಿಗೆ ಸ್ಪರ್ಶ ಕೊಡುವ ನರ ಓಡುತ್ತಿರುತ್ತದೆ. ಮೊದಲು ಸಿಬಿಸಿಟಿ, ಅಂದರೆ ದವಡೆಯ ತ್ರೀಡಿ ಎಕ್ಸ್-ರೇ ಸ್ಕ್ಯಾನ್ ತೆಗೆಸಿ, ಪದರ ಪದರವಾಗಿ ನೋಡಿ, ನರದಿಂದ ಕನಿಷ್ಠ 2 ಮಿಲಿಮೀಟರ್ ದೂರ ಬಿಟ್ಟು ಕೊರೆಯುತ್ತೇವೆ. ನೆರಳನ್ನು ನರ ಅಂತಲೂ, ನರವನ್ನು ನೆರಳು ಅಂತಲೂ ಓದಿಬಿಡುವುದು ಎಷ್ಟು ಸುಲಭ ಅಂತ ಹೊಸದಾಗಿ ಪ್ರಾಕ್ಟೀಸ್‌ಗೆ ಬಂದವರಿಗೆಲ್ಲ ಗೊತ್ತು. ಹಾಗಾಗಿ ನಾನು ಯಂತ್ರ ಬಿಟ್ಟು ಆ ಹುಡುಗನ ಮುಖವನ್ನೇ ನೋಡುತ್ತಿದ್ದೆ.

ಅವನು ಓದುವ ರೀತಿ ಚೆನ್ನಾಗಿತ್ತು. "ಇದು ಕಂಬಿ. ಇದೂ ಕಂಬಿ. ಇದು ಬೇರೆ" ಅಂತ ಬೆರಳಿಟ್ಟು ತೋರಿಸುತ್ತ ಹೋದ. ಕಂಬಿ ಹೌದೋ ಟೆಂಡನ್ ಹೌದೋ ಅಂತ ಹೊಳಪು ನೋಡಿ ಹೇಳುವುದಿಲ್ಲವಂತೆ. ಎರಡೂ ಉಕ್ಕೇ, ಎರಡೂ ಜೋರಾಗಿ ಹೊಳೆಯುತ್ತವೆ. ಕಂಬಿಗಳು ಒಂದೇ ಆಳದಲ್ಲಿ ಒಂದೇ ಅಂತರದಲ್ಲಿ ಸಾಲಾಗಿ ಬರುತ್ತವೆ. ಟೆಂಡನ್ ಹಾಗಲ್ಲ, ಒಂದರಿಂದ ಇನ್ನೊಂದು ಮೀಟರಿನಷ್ಟು ದೂರ. ಒಂದು ಗೆರೆಯಲ್ಲಿ 14 ಸೆಂಟಿಮೀಟರ್ ಆಳಕ್ಕೆ ಕಂಡದ್ದು ಪಿಲ್ಲರ್ ಕಡೆ ಹೋದಂತೆ 12, ಆಮೇಲೆ 9, ಹೀಗೆ ಮೇಲೇರುತ್ತ ಬರುತ್ತದೆ. ಸ್ಲ್ಯಾಬ್‌ನೊಳಗೆ ಹೀಗೆ ಏರಿ ಇಳಿಯುವುದು ಅದೊಂದೇ. ಅದನ್ನು ಡ್ರಾಯಿಂಗಿನ ಅಂಕಿಗೆ ತಾಳೆ ಹಾಕಿದ.

ತಾಳೆಯಾಯಿತು, ಒಂದನ್ನು ಬಿಟ್ಟು. ಎರಡನೇ ಚೇರಿನ ಹತ್ತಿರ ಡ್ರಾಯಿಂಗ್‌ನಲ್ಲಿ ನೇರ ಗೆರೆಯಾಗಿದ್ದ ಟೆಂಡನ್ ನೆಲದಲ್ಲಿ ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದು ಓಡುತ್ತಿತ್ತು. ಸರಿಯಾಗಿ ನನ್ನ ತೂತಿನ ಗುರುತಿನ ಕೆಳಗೆ. ಇಂಜಿನಿಯರ್ ಬಂದು ಸುತ್ತ ನೋಡಿ, ಸ್ವಲ್ಪ ದೂರದಲ್ಲಿದ್ದ ಶಾಫ್ಟ್ ಕಡೆ ಕೈ ತೋರಿಸಿದರು. ಕಟ್ಟುವ ಹೊತ್ತಿಗೆ ಆ ಶಾಫ್ಟ್ ಜಾಗ ಬದಲಾಗಿರಬೇಕು, ಅದನ್ನು ಬಳಸಿ ಹೋಗಲು ಟೆಂಡನ್ನನ್ನು ಬಾಗಿಸಿದ್ದಾರೆ, ಡ್ರಾಯಿಂಗ್ ತಿದ್ದಿಲ್ಲ ಅಂತ ಅವರ ಊಹೆ. ಡ್ರಾಯಿಂಗ್ ನಂಬಿ ಅಳೆದು ಕೊರೆದಿದ್ದರೆ ನಾಲ್ಕೂ ಸ್ಟ್ರ್ಯಾಂಡ್ ಮೇಲೆ ಬಿಟ್ ಇಳಿಯುತ್ತಿತ್ತು. ಪ್ಲಂಬರ್ ಬಗ್ಗಿ ಆ ಕೆಂಪು ಗೆರೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

ಬಣ್ಣದ ಬಗ್ಗೆ ಹೇಳಬೇಕು. ಟೆಂಡನ್‌ಗೆ ಕೆಂಪು, ಕಂಬಿಗೆ ನೀಲಿ. ಹಳದಿ ಯಾತಕ್ಕೆ ಅಂದರೆ "ಗೊತ್ತಾಗದ್ದಕ್ಕೆ" ಅಂದ. ಮೊದಲನೇ ಚೇರಿನ ಕಡೆ ಅವನು ಒಂದು ಹಳದಿ ಗೆರೆ ಎಳೆದ. ಮೂರು ನಾಲ್ಕು ಸ್ಕ್ಯಾನ್‌ಗಳಲ್ಲಿ ಒಂದು ಮಸುಕು ಕಮಾನು ಕಾಣುತ್ತಿತ್ತು, ಆಮೇಲೆ ಕಂಬಿಗಳ ದಟ್ಟಣೆಯಲ್ಲಿ ಮಾಯ. ಡ್ರಾಯಿಂಗ್‌ನಲ್ಲಿ ಅಲ್ಲಿ ಏನೂ ಇಲ್ಲ. ಪಿವಿಸಿ ಪೈಪ್ ಇರಬಹುದು, ಇಲ್ಲದಿದ್ದರೆ ಕಾಂಕ್ರೀಟ್ ಸರಿಯಾಗಿ ಕೂರದ ಪೊಳ್ಳು ಇರಬಹುದು. ಉಕ್ಕು ಅಲೆಯನ್ನು ಪೂರ್ತಿ ತಿರುಗಿಸುತ್ತದೆ. ಪ್ಲಾಸ್ಟಿಕ್ ಹಾಗಲ್ಲ, ಬಹುಪಾಲು ಅಲೆ ಅದನ್ನು ದಾಟಿಕೊಂಡು ಹೋಗುತ್ತದೆ, ವಾಪಸ್ ಬರುವುದು ಸ್ವಲ್ಪವೇ. ಇನ್ನೊಂದು ಯಂತ್ರವೂ ಅವರ ಹತ್ತಿರ ಇತ್ತು, ಕಂಬಿ ಹುಡುಕುವ ಕವರ್ ಮೀಟರ್. ಅದು ಕಾಂತಕ್ಷೇತ್ರದ ಮೇಲೆ ಕೆಲಸ ಮಾಡುತ್ತದೆ, ಒದ್ದೆಗೆ ಅಷ್ಟಾಗಿ ಹೆದರುವುದಿಲ್ಲ, ಮೇಲಿನ ಕಂಬಿಗಳ ಆಳವನ್ನು ಚೆನ್ನಾಗಿ ಹೇಳುತ್ತದೆ. ಆದರೆ ಲೋಹ ಬಿಟ್ಟು ಬೇರೇನೂ ಅದಕ್ಕೆ ಕಾಣದು. ಪಿವಿಸಿ ಪೈಪ್ ಅದರ ಪಾಲಿಗೆ ಇಲ್ಲವೇ ಇಲ್ಲ.

ಎಲ್ಲರೂ ಕೆಳಗಿನ ಅಂಗಡಿಗೆ ಇಳಿದೆವು. ಅಂಗಡಿಯವರು ಒಂದು ಸೋಫಾ ಸರಿಸಿ ಏಣಿ ಹಾಕಿಸಿಕೊಟ್ಟರು. ಫಾಲ್ಸ್ ಸೀಲಿಂಗಿನ ಒಂದು ಟೈಲ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ, ಸ್ಲ್ಯಾಬಿನ ತಳದಲ್ಲಿ ಪಿವಿಸಿ ಪೈಪಿನ ಬಾಯಿ, ಕ್ಯಾಪ್ ಹಾಕಿ ಬಿಟ್ಟದ್ದು. ಯಾವುದೋ ಕಾಲಕ್ಕೆ ವೈರ್ ಎಳೆಯಲು ಅಂತ ಹಾಕಿ ಬಳಸದೇ ಬಿಟ್ಟಿರಬೇಕು. ಆಗ ನಮ್ಮ ಎಲೆಕ್ಟ್ರಿಷಿಯನ್ ಒಂದು ಉಪಾಯ ಹೇಳಿದ. ಪೈಪ್ ಒಳಗೆ ವೈರ್ ಎಳೆಯಲು ಅವರು ಉದ್ದನೆಯ ಉಕ್ಕಿನ ಪಟ್ಟಿ ಬಳಸುತ್ತಾರಲ್ಲ, ಅದನ್ನು ಇದರೊಳಗೆ ತೂರಿಸಿದರೆ? ಸ್ಕ್ಯಾನ್ ಹುಡುಗ ಎರಡೇ ಹೆಜ್ಜೆಗೆ ಮೆಟ್ಟಿಲು ಹತ್ತಿ ಮೇಲೆ ಓಡಿದ. ಕೆಳಗಿನಿಂದ ಪಟ್ಟಿ ತಳ್ಳಿದಂತೆ ಮೇಲೆ ಅವನು ಅದೇ ಗೆರೆಗಳ ಮೇಲೆ ಮತ್ತೆ ಡಬ್ಬಿ ಓಡಿಸಿದ. ಮಸುಕಾಗಿದ್ದ ಕಮಾನು ಈಗ ಕಪ್ಪು ಬಿಳುಪಾಗಿ ಎದ್ದು ಕಂಡಿತು. ಕಂಬಿಗಳ ನಡುವೆಯೂ ಅಲ್ಲಲ್ಲಿ ಇಣುಕಿತು. ಪೈಪ್ ನಮ್ಮ ತೂತಿನ ಜಾಗಕ್ಕೆ ಬರುವ ಮೊದಲೇ ಬಾಗಿ ಗೋಡೆ ಕಡೆ ಹೋಗಿತ್ತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಗಳಿಗೆ ಇದೇ. ಯಂತ್ರದ್ದಾಗಲಿ ಸಾಫ್ಟ್‌ವೇರ್‌ದಾಗಲಿ ಅಲ್ಲ, ಎಲೆಕ್ಟ್ರಿಷಿಯನ್ ತಲೆ ಓಡಿಸಿದ್ದು. ಹಳದಿ ಗೆರೆ ಎಳೆಯುವ ಬದಲು "ಏನೂ ಇಲ್ಲ" ಅಂತ ಬರೆದಿದ್ದರೆ ಆ ತಲೆಗೆ ಕೆಲಸವೇ ಇರುತ್ತಿರಲಿಲ್ಲ.

ಇನ್ನು ಎರಡನೇ ಚೇರಿನ ಪಾಡು. ತೂತಿನ ಅಂಚು ಟೆಂಡನ್ ಅಂಚಿನಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಇರಲೇಬೇಕು ಅಂತ ಇಂಜಿನಿಯರ್ ಪಟ್ಟು. ಗೋಡೆ ಕಡೆ ಸರಿಸಿದರೆ ಪೇಷೆಂಟ್ ತಲೆಯ ಹಿಂದೆ ನನಗೆ ಕೂರಲು ಜಾಗವಿಲ್ಲ. ಬಲಗೈಯವರು ನಾವು ಗಡಿಯಾರದ ಹನ್ನೊಂದು ಗಂಟೆ ಅನ್ನುವ ಕಡೆ, ತಲೆಯ ಹಿಂದೆ ಬಲಕ್ಕೆ ಕೂತು ಕೆಲಸ ಮಾಡುವುದು ಜಾಸ್ತಿ. ಅಲ್ಲಿ ಜಾಗ ಇಕ್ಕಟ್ಟಾದರೆ ಹತ್ತು ವರ್ಷಕ್ಕೆ ಬೆನ್ನು ಹೋಗುತ್ತದೆ. ಕಿಟಕಿ ಕಡೆ ಸರಿಸಿದರೆ ಬಾಗಿಲಿಗೆ ಅಡ್ಡ. ಚೇರ್ ಕಂಪನಿಯವರು ಕೊಟ್ಟಿದ್ದ ಕಾಗದದ ಟೆಂಪ್ಲೇಟನ್ನು ನೆಲಕ್ಕೆ ಹಾಸಿ, ಕೆಂಪು ನೀಲಿ ಗೆರೆಗಳ ಮೇಲೆ ಅದನ್ನು ತಿರುಗಿಸುತ್ತ ಕೂತೆವು. ಕೊನೆಗೆ ಚೇರನ್ನು ಸರಿಸುವ ಬದಲು ಸ್ವಲ್ಪ ಓರೆ ಮಾಡಿದರೆ ಅದರ ಅಡಿಯ ಪೈಪ್ ಡಬ್ಬಿಯ ಜಾಗ ಕೆಂಪು ಗೆರೆಯಿಂದ ಪಾರಾಗುತ್ತದೆ ಅಂತ ಗೊತ್ತಾಯಿತು. ಪಿಡಿಎಫ್ ರಿಪೋರ್ಟ್ ಇಟ್ಟುಕೊಂಡು ಇದನ್ನು ಮಾಡಲು ಆಗುತ್ತಿರಲಿಲ್ಲ. ಸ್ಕ್ಯಾನ್ ಮಾಡಿಸುವವರಿಗೆ ನಾನು ಹೇಳುವುದು ಇಷ್ಟೇ: ಗುರುತು ನೆಲದ ಮೇಲೇ ಹಾಕಿಸಿಕೊಳ್ಳಿ, ಬಳಪದಲ್ಲಿ ಬೇಡ, ನೀರಿಗೆ ಹೋಗದ ಪೇಂಟ್ ಮಾರ್ಕರ್‌ನಲ್ಲಿ. ಕೋರ್ ಮಿಷಿನ್ ನೀರು ಸುರಿಸಿಕೊಂಡೇ ಕೊರೆಯುತ್ತದೆ, ಬಳಪ ಐದು ನಿಮಿಷ ಉಳಿಯುವುದಿಲ್ಲ. ಟೇಪ್ ಇಟ್ಟು ಫೋಟೋ ತೆಗೆದುಕೊಳ್ಳಿ, ಪಿಲ್ಲರ್ ಮುಖದಿಂದ ಅಳತೆ ಬರೆದಿಡಿ. ಮತ್ತೆ ಬೇಕಾದ ಒಂದೇ ಚುಕ್ಕಿಯ ಸುತ್ತ ಅಲ್ಲ, ಅತ್ತಿತ್ತ ಸರಿಯಲು ಜಾಗ ಇರುವಷ್ಟು ಅಗಲಕ್ಕೆ ಸ್ಕ್ಯಾನ್ ಮಾಡಿಸಿ.

ಕೋರ್ ಹೊಡೆಯುವ ದಿನ ಇಂಜಿನಿಯರ್ ಸಹಿ ಹಾಕಿದ ನಕ್ಷೆ ಗೋಡೆಗೆ ಅಂಟಿಸಿದ್ದೆವು. ಓನರ್‌ಗೆ ಆ ಸಹಿ ಇಲ್ಲದೆ ಆಗದು. ಕೆಳಗೆ ಅಂಗಡಿಯಲ್ಲಿ ಸೋಫಾಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿ, ತೂತಿನ ಜಾಗದ ಕೆಳಗೆ ಪ್ಲೈವುಡ್ ಹಿಡಿಸಿ ಆಸರೆ ಕೊಟ್ಟಿದ್ದರು. ಇಲ್ಲವಾದರೆ ಕೊರೆದ ಕಾಂಕ್ರೀಟ್ ದಿಂಡು ಸೀದಾ ಯಾರದೋ ಡೈನಿಂಗ್ ಟೇಬಲ್ ಮೇಲೆ ಬೀಳುತ್ತದೆ. ಮಿಷಿನ್‌ನವನು ಬಂದ, ಗುರುತು ನೋಡಿದ, ಸ್ಟ್ಯಾಂಡ್ ಇಟ್ಟ. ಆಮೇಲೆ ಡ್ರಿಲ್ ಎತ್ತಿಕೊಂಡು ಗುರುತಿನಿಂದ ಒಂದು ಅಡಿ ಆಚೆ ನೆಲಕ್ಕೆ ಒತ್ತಿದ.

"ಏಯ್, ನಿಲ್ಲಿಸಪ್ಪ!" ಇಂಜಿನಿಯರ್ ಕೂಗಿದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು.

ಕೋರ್ ಮಿಷಿನ್ ಅಲುಗಾಡದಂತೆ ಸ್ಟ್ಯಾಂಡನ್ನು ಆಂಕರ್ ಬೋಲ್ಟ್ ಹಾಕಿ ನೆಲಕ್ಕೆ ಬಿಗಿಯಬೇಕು. ಆ ಬೋಲ್ಟಿಗೆ ತೂತು ಬೇಕು. ಮೂರಿಂಚು ತೂತಿಗೆ ಇಷ್ಟೆಲ್ಲ ನೋಡಿ, ಬೋಲ್ಟಿನ ತೂತನ್ನು ಕಣ್ಣಳತೆಯಲ್ಲಿ ಹಾಕಿದರೆ ಏನು ಬಂತು? ಮೊದಲನೇ ಚೇರ್ ಪಿಲ್ಲರ್ ಹತ್ತಿರ. ಅಲ್ಲಿ ಟೆಂಡನ್ ಮೇಲಕ್ಕೆ ಏರಿರುತ್ತದೆ, ನಾಲ್ಕೈದು ಸೆಂಟಿಮೀಟರ್ ಆಳದಲ್ಲೇ ಸಿಗುತ್ತದೆ. ಮಿಷಿನ್‌ನವನಿಗೆ ಬೇಜಾರಾಯಿತು, "ನಾವು ದಿನಾ ಮಾಡ್ತೀವಿ ಸಾರ್" ಅಂದ. ಇಂಜಿನಿಯರ್ ಮಾತು ಬೆಳೆಸಲಿಲ್ಲ. ಸ್ಕ್ಯಾನ್ ಆದ ಚೌಕದೊಳಗೆ ಗೆರೆಗಳಿಲ್ಲದ ಒಂದು ಕಡೆ ತಾವೇ ಮಾರ್ಕರ್‌ನಿಂದ ಚುಕ್ಕಿ ಇಟ್ಟರು. ಸ್ಟ್ಯಾಂಡ್ ತಿರುಗಿಸಿಕೊಂಡು ಕೂರಿಸಿದ್ದಾಯಿತು.

ಕೊರೆಯುವುದು ಸಲೀಸಾಗಿಯೇ ನಡೆಯಿತು. ಬೂದು ಬಣ್ಣದ ನೀರು, ಒಂದೇ ಸಮನೆ ಗುಂಯ್ ಅನ್ನುವ ಸದ್ದು. ಕೊನೆಯ ಹತ್ತಿರ ಸದ್ದು ಒಂದು ಕ್ಷಣ ಬದಲಾಯಿತು, ಕರಕರ ಅಂತ. ನೀರಿನಲ್ಲಿ ಮಿನುಗುವ ಚೂರುಗಳು ಕಂಡವು. ಕೂಡಲೇ ನಿಲ್ಲಿಸಿದರು. ಬಿಟ್ ಎತ್ತಿ ಟಾರ್ಚ್ ಬಿಟ್ಟು ಇಂಜಿನಿಯರ್ ಆಳ ಅಳೆದರು. ತಳದ ಜಾಲರಿಯ ಕಂಬಿಯ ಆಳ, ಟೆಂಡನ್ನಿನದಲ್ಲ. ಮುಂದುವರಿಸಿ ಅಂದರು. ದಿಂಡು ಹೊರಗೆ ಬಂದಾಗ ಪಕ್ಕದಲ್ಲಿ 8 ಎಂಎಂ ಕಂಬಿಯ ಒಂದು ಸೀಳು ಹೊಸ ನಾಣ್ಯದ ಬಣ್ಣದಲ್ಲಿ ಹೊಳೆಯುತ್ತಿತ್ತು. ಸ್ಕ್ಯಾನ್ ಪ್ರಕಾರ ಆ ಕಂಬಿ ತೂತಿನಿಂದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಆಚೆ ಇರಬೇಕಿತ್ತು. ಸ್ಕ್ಯಾನ್ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಅವನೇನೂ ತಡವರಿಸಲಿಲ್ಲ. ನೆಲ ತರಿತರಿ, ಚಕ್ರ ಜಾರುತ್ತದೆ, ದೂರ ಲೆಕ್ಕ ಹಾಕುವುದು ಆ ಚಕ್ರವೇ. ಮಾರ್ಕರ್ ಗೆರೆಯೇ ಅರ್ಧ ಸೆಂಟಿಮೀಟರ್ ದಪ್ಪ. ಆಳಕ್ಕೆ ಹೋದಷ್ಟೂ ನಿಖರತೆ ಕಡಿಮೆ. "ಅದಕ್ಕೇ ಮೇಡಂ ಟೆಂಡನ್‌ಗೆ ಹತ್ತು ಬಿಟ್ಟಿದ್ದು" ಅಂದ.

ಖರ್ಚಿನ ವಿಷಯ ಎಲ್ಲರೂ ಕೇಳುತ್ತಾರೆ. ಸ್ಕ್ಯಾನ್‌ಗೆ ಕೊಟ್ಟದ್ದು ಕೋರ್ ಹೊಡೆಯಲು ಕೊಟ್ಟದ್ದಕ್ಕಿಂತ ಜಾಸ್ತಿ. ಮನೆಯ ಗೋಡೆಗೆ ಫೋಟೋ ನೇತುಹಾಕಲು ಇದೆಲ್ಲ ಬೇಡ, ಅದಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್ ಸಾಕು. ಪಿಟಿ ಸ್ಲ್ಯಾಬ್ ಅಂತ ಗೊತ್ತಾದ ಮೇಲೆ ಮಾತ್ರ ಚೌಕಾಸಿ ಮಾಡಬಾರದು.

ಪೈಪ್‌ಗಳು ಇಳಿದು, ಸುತ್ತಲಿನ ಸಂದಿಗೆ ಬೆಂಕಿ ತಡೆಯುವ ಸೀಲೆಂಟ್ ತುಂಬಿ, ನೀರು ಬಿಟ್ಟು ಸೋರುವುದಿಲ್ಲ ಅಂತ ನೋಡಿದ ಮೇಲೆ ಟೈಲ್ಸ್ ಬಂತು. ಅಷ್ಟರಲ್ಲಿ ಕೆಳಗಿನ ಅಂಗಡಿಯವರು ಮೇಲೆ ಬಂದರು. ಅವರ ಶೋರೂಮಿನ ಮಧ್ಯಕ್ಕೆ ಒಂದು ದೊಡ್ಡ ತೂಗುದೀಪ ಹಾಕಿಸಬೇಕಂತೆ, ಸೀಲಿಂಗಿಗೆ ನಾಲ್ಕು ಬೋಲ್ಟ್. "ನಿಮ್ಮ ಆ ಕೆಂಪು ಗೆರೆ ಚೀಟಿ ನಂಗೂ ಒಂದು ಕೊಡಿ ಡಾಕ್ಟ್ರೇ" ಅಂದರು. ಕೊಡಬಹುದು, ಆದರೆ ನಾವು ನೋಡಿಸಿದ್ದು ನಮ್ಮ ಚೇರ್‌ಗಳ ಸುತ್ತ ಮಾತ್ರ. ಅವರಿಗೆ ಬೇಕಾದದ್ದು ಹಾಲಿನ ನಡುಮಧ್ಯ. ಅಲ್ಲಿ ಟೆಂಡನ್ ಸ್ಲ್ಯಾಬಿನ ತಳಕ್ಕೆ ಇಳಿದಿರುತ್ತದೆ, ಕೆಳಗಿನಿಂದ ಕೊರೆಯುವವನಿಗೆ ಮೂರು ಸೆಂಟಿಮೀಟರಿಗೇ ಸಿಕ್ಕಿಬಿಡುತ್ತದೆ. ಸ್ಕ್ಯಾನ್ ಹುಡುಗನ ನಂಬರ್ ಕೊಟ್ಟು, ಅವನು ಬಂದು ಹೋಗುವವರೆಗೂ ಡ್ರಿಲ್ ಒಳಗಿಡಿ ಅಂದೆ.